ರಾಕ್ ಹಾಡುಗಾರರಲ್ಲಿ ನಟನೆಯೂ ಬಂದವರು ಯಾರಾದರೂ ಇದ್ದಾರಾ?

ನಿಮ್ಮ ಪ್ರಶ್ನೆ ಇಷ್ಟು: ರಾಕ್ ಹಾಡುಗಾರರು ಸಿನಿಮಾಕ್ಕೆ ಬಂದರೆ ಹೆಸರಿನ ಬಲದಲ್ಲಿ ಒಂದೆರಡು ಚಿತ್ರ ಓಡುತ್ತವೆ, ಅಲ್ಲಿಗೆ ಮುಗೀತು. ಹಾಗಾಗದವರು ಯಾರಾದರೂ ಇದ್ದಾರಾ, ಅವರ ಬದುಕು ಹೇಗಿತ್ತು?

ಇಂಥ ಪ್ರಶ್ನೆಗೆ ಹೆಚ್ಚಿನವರು ಡೇವಿಡ್ ಬೋವಿ ಹೆಸರು ಹೇಳುತ್ತಾರೆ. ತಪ್ಪೇನಿಲ್ಲ. ನನ್ನ ಉತ್ತರ ಮಾತ್ರ ವಿಕ್ಟರ್ ತ್ಸೋಯ್. ಸೋವಿಯತ್ ಒಕ್ಕೂಟದ ಕೊನೇ ದಿನಗಳ ಹಾಡುಗಾರ. ನಾಯಕನಾಗಿ ಮಾಡಿದ್ದು ಒಂದೇ ದೊಡ್ಡ ಸಿನಿಮಾ. 28ನೇ ವಯಸ್ಸಿಗೇ ಹೋಗಿಬಿಟ್ಟ.

ಹುಟ್ಟಿದ್ದು 1962ರ ಜೂನ್ 21ರಂದು, ಲೆನಿನ್‌ಗ್ರಾಡಿನಲ್ಲಿ, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಾಯಿ ರಷ್ಯನ್, ಶಾಲೆಯಲ್ಲಿ ಪಿ.ಟಿ. ಟೀಚರ್. ತಂದೆ ಕೊರಿಯನ್ ಮೂಲದ ಎಂಜಿನಿಯರ್. 1937ರಲ್ಲಿ ಸ್ಟಾಲಿನ್ ಪೂರ್ವದ ಗಡಿಯ ಕೊರಿಯನ್ನರನ್ನೆಲ್ಲ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಅಟ್ಟಿದನಲ್ಲ, ಆ ಕುಟುಂಬಗಳಲ್ಲಿ ಇವರದ್ದೂ ಒಂದು. ತಂದೆ ಹುಟ್ಟಿದ್ದು ಕಜಾಕಸ್ತಾನದಲ್ಲಿ. ಮಗ ಸಿನಿಮಾ ಹೀರೋ ಆಗಿದ್ದೂ ಅದೇ ಕಜಾಕಸ್ತಾನದಲ್ಲಿ, ಅದಕ್ಕೆ ಆಮೇಲೆ ಬರ್ತೀನಿ.

ಓದು ಕೈಹತ್ತಲಿಲ್ಲ. ಚಿತ್ರಕಲಾ ಶಾಲೆಯಿಂದ ಹೊರಹಾಕಿದರು, ಆಮೇಲೆ ಮರದ ಕೆತ್ತನೆ ಕಲಿತ. ಬ್ರೂಸ್ ಲೀ ಹುಚ್ಚು ಬೇರೆ. 1981ರಲ್ಲಿ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ, ಅದೇ ಮುಂದೆ 'ಕಿನೊ' ಆಯಿತು. ಆಗಲೇ ಹೆಸರು ಮಾಡಿದ್ದ 'ಅಕ್ವೇರಿಯಂ' ಬ್ಯಾಂಡಿನ ಬೊರಿಸ್ ಗ್ರೆಬೆನ್‌ಶಿಕೊವ್ ನೆರವಿನಿಂದ 1982ರಲ್ಲಿ ಮೊದಲ ಆಲ್ಬಂ '45' ಬಂತು. ಬಂತು ಅಂದರೆ ಅಂಗಡಿಗೆ ಅಲ್ಲ. ರೆಕಾರ್ಡ್ ಕಂಪನಿ ಸರ್ಕಾರದ್ದು, ಇಂಥ ಹಾಡುಗಳಿಗೆ ಅಲ್ಲಿ ಜಾಗವಿಲ್ಲ. ಒಬ್ಬ ತನ್ನ ಟೇಪಿನಿಂದ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಕಾಪಿ ಮಾಡಿಕೊಡುತ್ತಾ ಹಾಡು ದೇಶವಿಡೀ ತಿರುಗಿತು. ದುಡ್ಡು ಮಾತ್ರ ತಿರುಗಿ ಬರಲಿಲ್ಲ.

ಹೊಟ್ಟೆಪಾಡಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಆ ದೇಶದಲ್ಲಿ ನೌಕರಿ ಇಲ್ಲದೆ ಸುಮ್ನೆ ಇದ್ದರೆ ಕಾನೂನಿನ ಪ್ರಕಾರ ಅಪರಾಧ. ಗಿಟಾರ್ ಬಾರಿಸೋದನ್ನು ನೌಕರಿ ಅಂತ ಯಾರೂ ಒಪ್ಪಲ್ಲ. ಹಾಗಾಗಿ ಹಾಡುಗಾರರು, ಕವಿಗಳು ವಾಚ್‌ಮನ್ ಕೆಲಸವನ್ನೋ ಬಾಯ್ಲರ್ ಕೆಲಸವನ್ನೋ ಹಿಡಿಯುತ್ತಿದ್ದರು. ಪಾಳಿ ಮುಗಿದರೆ ಉಳಿದ ಹೊತ್ತೆಲ್ಲ ತಮ್ಮದೇ. ತ್ಸೋಯ್ 1986ರಿಂದ ಒಂದು ಬಾಯ್ಲರ್ ಮನೆಯಲ್ಲಿದ್ದ. ಅದನ್ನು ಇವರೆಲ್ಲ 'ಕಮ್ಚಾಟ್ಕಾ' ಅಂತ ಕರೆಯುತ್ತಿದ್ದರು. ಅಲೆಕ್ಸೇಯ್ ಉಚಿತೆಲ್ ಅವರ 'ರಾಕ್' ಎಂಬ ಸಾಕ್ಷ್ಯಚಿತ್ರದಲ್ಲಿ ಅವನು ಸಲಿಕೆ ಹಿಡಿದು ಒಲೆಗೆ ಕಲ್ಲಿದ್ದಲು ಹಾಕೋದನ್ನು ನೋಡಬಹುದು. ಊರಿನ ಹುಡುಗರೆಲ್ಲ ಇವನ ಹಾಡು ಗುನುಗುತ್ತಿದ್ದಾಗ ಇವನು ಮಸಿ ಬಳಿದುಕೊಂಡು ನಿಂತಿದ್ದ! ಈಗ ಆ ಬಾಯ್ಲರ್ ಮನೆಯೇ ಮ್ಯೂಸಿಯಂ.

ಈಗ ಸಿನಿಮಾಕ್ಕೆ ಬರೋಣ. 1987ರಲ್ಲಿ ಸೆರ್ಗೇಯ್ ಸೊಲೊವ್ಯೊವ್ ನಿರ್ದೇಶನದ 'ಅಸ್ಸಾ' ಬಂತು. ಅದರಲ್ಲಿ ತ್ಸೋಯ್ ಬರೋದು ಕೊನೆಯಲ್ಲಿ ಮಾತ್ರ. ರೆಸ್ಟೋರೆಂಟಿನಲ್ಲಿ ಹಾಡೋ ಕೆಲಸ ಕೇಳಿಕೊಂಡು ಬಂದಿರುತ್ತಾನೆ. ಒಬ್ಬ ಹೆಂಗಸು ಕಾಗದ ಹಿಡಿದು ನಿಯಮ ಓದುತ್ತಾ ಹೋಗುತ್ತಾಳೆ. ಆ ಪ್ರಮಾಣಪತ್ರ ಬೇಕು, ಈ ದಾಖಲೆ ಬೇಕು, ಹೀಗಿರಬೇಕು, ಹಾಗಿರಬಾರದು. ಅವನು ಒಂದು ಮಾತೂ ಆಡದೆ ಎದ್ದು ಹೋಗುತ್ತಾನೆ. ಅವಳ ಓದು ನಿಲ್ಲೋದೇ ಇಲ್ಲ. ಅವನು ವೇದಿಕೆ ಹತ್ತಿ 'ಪೆರೆಮೆನ್' ಶುರು ಮಾಡುತ್ತಾನೆ, ನಮಗೆ ಬದಲಾವಣೆ ಬೇಕು ಅನ್ನೋ ಹಾಡು. ನೋಡ್ತಾ ಇದ್ದ ಹಾಗೇ ಚಿಕ್ಕ ರೆಸ್ಟೋರೆಂಟು ಹೋಗಿ, ಬಯಲಿನಲ್ಲಿ ಸಾವಿರಾರು ಜನ ಬೆಂಕಿಕಡ್ಡಿ ಗೀರಿ ಹಿಡಿದು ನಿಂತಿರುತ್ತಾರೆ. ಆ ಭಾಗ ಮಾಸ್ಕೋದ ಗೋರ್ಕಿ ಪಾರ್ಕಿನಲ್ಲಿ ಚಿತ್ರೀಕರಣವಾದದ್ದು. 2020ರಲ್ಲಿ ಬೆಲಾರೂಸ್‌ನ ಬೀದಿಗಳಲ್ಲಿ ಜನ ಪ್ರತಿಭಟನೆಗೆ ಇಳಿದಾಗಲೂ ಹಾಡಿದ್ದು ಇದನ್ನೇ.

ಆದರೆ ನಟ ಅಂತ ಕರೆಯೋಕೆ ಕಾರಣ 1988ರ 'ಇಗ್ಲಾ', ಅಂದರೆ ಸೂಜಿ. ನಿರ್ದೇಶಕ ರಶೀದ್ ನುಗ್ಮಾನೊವ್, ತಯಾರಿಸಿದ್ದು ಕಜಾಖ್‌ಫಿಲ್ಮ್ ಸ್ಟುಡಿಯೊ, ನಡೆಯೋದು ಕಜಾಕಸ್ತಾನದ ಆಲ್ಮಾ ಆಟಾ ನಗರದಲ್ಲಿ. ಮೊರೊ ಅನ್ನೋ ಯುವಕ ಸಾಲ ವಸೂಲಿಗೆ ಊರಿಗೆ ಬರುತ್ತಾನೆ. ಹಳೇ ಗೆಳತಿ ಡೀನಾ ಮಾರ್ಫಿನ್ ಚಟಕ್ಕೆ ಬಿದ್ದಿರೋದು ಗೊತ್ತಾಗುತ್ತೆ. ಅವಳನ್ನು ಬಿಡಿಸೋಕೆ ಆರಾಲ್ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಸಮುದ್ರವೇ ಇಲ್ಲ, ಬತ್ತಿ ಹೋಗಿದೆ! ಅವಳಿಗೆ ಮಾರ್ಫಿನ್ ಕೊಡೋ ಡಾಕ್ಟರ್ ಪಾತ್ರದಲ್ಲಿ ಪ್ಯೋತರ್ ಮಾಮೊನೊವ್ ಇದ್ದಾರೆ, ಅವರೂ ರಾಕ್ ಹಾಡುಗಾರರೇ.

ಕಥೆ ತೆಳು, ನಿಜ. ಹೊಡೆದಾಟಗಳಂತೂ ಬ್ರೂಸ್ ಲೀ ಅಭಿಮಾನಿ ಮಾಡಿದ ಹಾಗೇ ಇವೆ. ಆದರೂ ಕಣ್ಣು ತ್ಸೋಯ್ ಮೇಲಿಂದ ಸರಿಯಲ್ಲ. ಹಾಡುಗಾರರು ನಟಿಸುವಾಗ ಸಾಮಾನ್ಯವಾಗಿ ಜಾಸ್ತಿ ಮಾಡ್ತಾರೆ, ಅಲ್ವಾ? ಇವನು ಕಡಿಮೆ ಮಾಡ್ತಾನೆ. ವೇದಿಕೆ ಮೇಲೂ ಗದ್ದ ಸ್ವಲ್ಪ ಮುಂದೆ ಚಾಚಿ ಗಟ್ಟಿಯಾಗಿ ನಿಂತು ಹಾಡುತ್ತಿದ್ದ. ಅದೇ ನಿಲುವು ಕ್ಯಾಮೆರಾ ಮುಂದೆಯೂ ಬಂದಿದೆ. ಕೊನೆಗೆ ಹಿಮ ಬಿದ್ದ ರಸ್ತೆಯಲ್ಲಿ ಒಬ್ಬ ಅಪರಿಚಿತ ಬೆಂಕಿ ಕೇಳುತ್ತಾನೆ. ಮೊರೊ ಲೈಟರ್ ಹೊತ್ತಿಸಿ ಹಿಡಿದಾಗ ಆ ಅಪರಿಚಿತ ಚಾಕು ಹಾಕಿ ನಡೆದುಬಿಡುತ್ತಾನೆ. ಮೊರೊ ಮಂಡಿಯೂರಿ ಕೂರುತ್ತಾನೆ, ತಾನೂ ಒಂದು ಸಿಗರೇಟು ಹಚ್ಚಿಕೊಳ್ಳುತ್ತಾನೆ, ಎದ್ದು ಮುಂದಕ್ಕೆ ಹೋಗುತ್ತಾನೆ. ಹಿನ್ನೆಲೆಯಲ್ಲಿ ತ್ಸೋಯ್‌ನದೇ ಹಾಡು 'ಗ್ರುಪ್ಪಾ ಕ್ರೋವಿ'. ಅಳು ಇಲ್ಲ, ಡೈಲಾಗ್ ಇಲ್ಲ. ತರಬೇತಾದ ನಟ ಇಲ್ಲಿ ಏನಾದರೂ ಮಾಡದೆ ಬಿಡುತ್ತಿರಲಿಲ್ಲ ಅಂತ ನನಗನಿಸುತ್ತೆ.

ಸಿನಿಮಾ ಜೋರಾಗಿ ಓಡಿತು. 'ಸೊವೆತ್ಸ್ಕಿ ಎಕ್ರಾನ್' ಪತ್ರಿಕೆಯ ಓದುಗರು 1989ರ ಅತ್ಯುತ್ತಮ ನಟ ಅಂತ ಆರಿಸಿದ್ದು ಇವನನ್ನೇ. 1990ರ ಜೂನ್ 24ರಂದು ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣ ತುಂಬುವಷ್ಟು ಜನರ ಮುಂದೆ ಹಾಡಿದ. ಎರಡು ತಿಂಗಳೂ ಆಗಲಿಲ್ಲ. ಆಗಸ್ಟ್ 15ರಂದು ಲಾಟ್ವಿಯಾದಲ್ಲಿ ಮೀನು ಹಿಡಿದು ವಾಪಸಾಗುವಾಗ ಅವನ ಮೊಸ್ಕ್ವಿಚ್ ಕಾರು ಎದುರು ಬಂದ ಬಸ್ಸಿಗೆ ಬಡಿಯಿತು. ಸ್ಟೇರಿಂಗ್ ಹಿಡಿದೇ ನಿದ್ದೆ ಹೋದ ಅಂತ ತನಿಖೆ ಹೇಳಿತು. ಕೊಲೆ ಅನ್ನೋ ಕಥೆಗಳು ಇವತ್ತಿಗೂ ಓಡಾಡುತ್ತವೆ, ನಾನು ನಂಬಲ್ಲ. ಆ ಬೇಸಿಗೆಯಲ್ಲಿ ಹೊಸ ಹಾಡುಗಳಿಗೆ ಕರಡಾಗಿ ಹಾಡಿಟ್ಟಿದ್ದ ಅವನ ದನಿ ಉಳಿದಿತ್ತು. ಅದರ ಮೇಲೆ 'ಕಿನೊ'ದ ಗಿಟಾರ್ ವಾದಕ ಯೂರಿ ಕಸ್ಪರ್ಯಾನ್ ಮತ್ತಿತರರು ವಾದ್ಯ ಸೇರಿಸಿ ಕೊನೆಯ ಆಲ್ಬಂ ಹೊರತಂದರು. ಹೊದಿಕೆ ಪೂರ್ತಿ ಕಪ್ಪು.

ಬದುಕಿದ್ದರೆ ನಟನಾಗಿ ಮುಂದುವರಿಯುತ್ತಿದ್ದನಾ? ನನ್ನ ಪ್ರಕಾರ ಹೌದು. ನುಗ್ಮಾನೊವ್ ಜೊತೆ ಇನ್ನೊಂದು ಸಿನಿಮಾದ ಯೋಚನೆ ನಡೆದಿತ್ತು, ಅಮೆರಿಕದ ವಿಜ್ಞಾನ ಕಥೆಗಾರ ವಿಲಿಯಂ ಗಿಬ್ಸನ್ ಕೂಡ ಚಿತ್ರಕಥೆಗೆ ಕೈಹಾಕಿದ್ದರು.

ನೋಡೋದಾದರೆ 'ಇಗ್ಲಾ'ದಿಂದಲೇ ಶುರು ಮಾಡಿ, ಒಂದೂವರೆ ಗಂಟೆಯೂ ಇಲ್ಲ. ಹುಡುಕುವಾಗ ಒಂದು ಎಚ್ಚರ: 2010ರಲ್ಲಿ ನುಗ್ಮಾನೊವ್ ಅದನ್ನೇ ಹೊಸದಾಗಿ ಜೋಡಿಸಿ 'ರೀಮಿಕ್ಸ್' ಅಂತ ಇನ್ನೊಂದು ಬಿಟ್ಟಿದ್ದಾರೆ. ಮೊದಲು 1988ರದ್ದನ್ನೇ ನೋಡಿ.