ನೇಪಲ್ಸಿನ ಮಾತು ಮತ್ತು ಮಾಸ್ಸಿಮೊ ತ್ರೊಯಿಸಿ

ನಮಸ್ಕಾರ. ಧಾರವಾಡದಿಂದ ಸ್ನಾತಕೋತ್ತರ ಅಧ್ಯಯನಕ್ಕೆಂದು ನೇಪಲ್ಸಿಗೆ ಬಂದು ಎರಡು ತಿಂಗಳಾಯಿತೆಂದೂ, ಊರಿನಲ್ಲಿದ್ದಾಗಲೇ ಒಂದು ವರ್ಷ ಇಟಾಲಿಯನ್ ಕಲಿತಿದ್ದರೂ ಇಲ್ಲಿನ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಕಿವಿಗೆ ಬೀಳುವುದು ಬೇರೆಯೇ ಭಾಷೆಯೆಂದೂ ಬರೆದಿದ್ದೀರಿ. ಒಂದೇ ಮನೆಯಲ್ಲಿ ನಿಮ್ಮೊಂದಿಗಿರುವ ಹುಡುಗರು ಊಟದ ನಡುವೆ ಯಾವುದೋ ಮಾತು ಹೇಳಿ ನಗುತ್ತಾರೆ, ಏನೆಂದು ವಿಚಾರಿಸಿದರೆ ‘ತ್ರೊಯಿಸಿ’ ಎಂಬಷ್ಟೇ ಉತ್ತರ ಬರುತ್ತದೆ. ಆತ ಯಾರು, ಇಲ್ಲಿ ಬಾಳಬೇಕಾದರೆ ನೇಪಲ್ಸಿನ ನುಡಿಯನ್ನೂ ಕಲಿಯಬೇಕೇ ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಈ ಊರಿನಲ್ಲಿರುವ ನನಗೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳಾಗಿ ಕಾಣುವುದಿಲ್ಲ. ಆದ್ದರಿಂದ ಮೊದಲನೆಯದಕ್ಕೆ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ನಟ, ನಿರ್ದೇಶಕ ಮಾಸ್ಸಿಮೊ ತ್ರೊಯಿಸಿ ಹುಟ್ಟಿದ್ದು 1953ರ ಫೆಬ್ರವರಿ 19ರಂದು, ವೆಸೂವಿಯಸ್ ಬೆಟ್ಟದ ಬುಡದಲ್ಲಿರುವ ಸಾನ್ ಜೋರ್ಜೊ ಅ ಕ್ರೆಮಾನೊ ಎಂಬ ಊರಿನಲ್ಲಿ. ನಿಮ್ಮ ಮನೆಯಿಂದ ಚಿರ್ಕುಮ್‌ವೆಸುವಿಯಾನಾ ರೈಲು ಹಿಡಿದರೆ ಕೆಲವೇ ನಿಲ್ದಾಣಗಳ ದಾರಿ. ತಂದೆ ರೈಲ್ವೆ ನೌಕರರು, ಆರು ಮಕ್ಕಳಲ್ಲಿ ಇವರೇ ಕೊನೆಯವರು, ಅಜ್ಜ ಅಜ್ಜಿ ಮತ್ತು ಬಂಧುಗಳ ಸಂಸಾರವೂ ಕೂಡಿದ್ದ ತುಂಬಿದ ಮನೆ. ಹುಡುಗನಾಗಿದ್ದಾಗ ಬಂದ ಸಂಧಿವಾತದ ಜ್ವರ ಹೃದಯದ ಕವಾಟವನ್ನು ಕೆಡಿಸಿತು. 1976ರಲ್ಲಿ ಶಸ್ತ್ರಚಿಕಿತ್ಸೆಗಾಗಿ ಅಮೆರಿಕದ ಹ್ಯೂಸ್ಟನ್ನಿಗೆ ಹೋಗಬೇಕಾಯಿತು, ಅದರ ಖರ್ಚಿಗೆ ಊರವರಿಂದ ಚಂದಾ ಎತ್ತಲಾಗಿತ್ತು.

ಆ ಹೊತ್ತಿಗಾಗಲೇ ಅವರು ಊರಿನ ಗೆಳೆಯರಾದ ಲೆಲ್ಲೊ ಅರೇನಾ ಮತ್ತು ಎನ್ಜೊ ದೆಕಾರೊ ಅವರೊಡನೆ ನಾಟಕವಾಡುತ್ತಿದ್ದರು. ಈ ಮೂವರ ತಂಡಕ್ಕೆ ‘ಲಾ ಸ್ಮೋರ್ಫಿಯಾ’ ಎಂಬ ಹೆಸರು ನಿಂತಿತು. ಕನಸಿನಲ್ಲಿ ಕಂಡದ್ದಕ್ಕೆ ಲಾಟರಿಯ ಸಂಖ್ಯೆ ಹೇಳುವ, ನೇಪಲ್ಸಿನ ಮನೆಮಾತಾದ ಪುಸ್ತಕದ ಹೆಸರದು. 1977ರಲ್ಲಿ ರಾಷ್ಟ್ರೀಯ ದೂರದರ್ಶನವಾದ ರಾಯ್‌ನ ‘ನೊನ್ ಸ್ಟೊಪ್’ ಕಾರ್ಯಕ್ರಮಕ್ಕೆ ಬಂದ ಮೇಲೆ ಇಡೀ ದೇಶ ಇವರನ್ನು ನೋಡಿತು. ಯೇಸು ಹುಟ್ಟುವನೆಂದು ಮೇರಿಗೆ ತಿಳಿಸಬೇಕಾದ ದೇವದೂತ ಆ ಶುಭವಾರ್ತೆಯನ್ನು ಗಟ್ಟಿಯಾಗಿ ಸಾರುತ್ತ ತಪ್ಪು ಮನೆಗೆ ನುಗ್ಗುವುದು ಅವರ ಪ್ರಹಸನಗಳಲ್ಲಿ ಅತ್ಯಂತ ಪ್ರಸಿದ್ಧ. ಅರೇನಾ ದೇವದೂತ, ತಲೆಗೆ ವಸ್ತ್ರ ಸುತ್ತಿಕೊಂಡ ತ್ರೊಯಿಸಿ ಬಡ ಬೆಸ್ತನ ಹೆಂಡತಿ. ನಿಮ್ಮ ಮನೆಯ ಹುಡುಗರು ಬಾಗಿಲು ತೆರೆಯುವಾಗ ‘ಅನ್ನುನ್ಚಿಯಾತ್ಸಿಯೋನೆ’, ಅಂದರೆ ‘ಶುಭವಾರ್ತೆ’, ಎಂದು ಕೂಗುವುದನ್ನು ಕೇಳಿದ್ದರೆ, ಅದು ಇಲ್ಲಿಯದು.

ಇನ್ನು ಭಾಷೆಯ ವಿಷಯ. ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತನ್ನು ಬಹುಕಾಲ ನಗೆಪಾತ್ರಗಳಿಗೆ ಮೀಸಲಿಟ್ಟಿದ್ದರ ಕಸಿವಿಸಿ ಧಾರವಾಡದವರಾದ ನಿಮಗೆ ಗೊತ್ತಿದ್ದೇ ಇರುತ್ತದೆ. ನೇಪಲ್ಸಿಗೆ ತೊತೊ, ಎದ್ವಾರ್ದೊ ದೆ ಫಿಲಿಪ್ಪೊ ಅವರಂಥ ದೊಡ್ಡ ಕಲಾವಿದರಿದ್ದರೂ, ನೇಪಲ್ಸಿನವನೆಂದರೆ ಗದ್ದಲ ಮಾಡುವ, ಯಾಮಾರಿಸುವ, ಹಾಡುತ್ತಲೇ ಇರುವ ಬಡವನೆಂಬ ಚಿತ್ರ ಉತ್ತರ ಇಟಲಿಯವರ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ತ್ರೊಯಿಸಿ ತಮ್ಮ ನುಡಿಯನ್ನು ಬಿಡಲಿಲ್ಲ, ಆದರೆ ಆ ನುಡಿಯಾಡುವ ಮನುಷ್ಯನನ್ನು ಬದಲಿಸಿದರು. ಅವರ ನಾಯಕ ಸಂಕೋಚದವನು. ಹೆಣ್ಣಿನ ಎದುರು ಅಳುಕುವವನು. ಶುರುಮಾಡಿದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು, ತೊದಲಿ, ಹಿಂದೆ ಹೋಗಿ, ಮತ್ತೊಂದು ಕಡೆಯಿಂದ ಆರಂಭಿಸುವವನು. ಆತನ ಮಾತು ಎಷ್ಟೋ ಕಡೆ ಮಿಲಾನಿನವರಿಗೂ ತಿಳಿಯುವುದಿಲ್ಲ, ಆದರೂ ಅವರು ನಗುತ್ತಾರೆ. ಇದು ಹೇಗೆ ಸಾಧ್ಯವೆಂದು ನಾನು ಬಹಳ ಯೋಚಿಸಿದ್ದೇನೆ. ಹೇಳಲಾಗದ್ದನ್ನು ಹೇಳಲು ಹೆಣಗುವವನ ಮುಖಕ್ಕೆ ನಿಘಂಟು ಬೇಕಿಲ್ಲವೆಂಬುದಷ್ಟೇ ನನಗೆ ಹೊಳೆದ ಉತ್ತರ.

1981ರ ಅವರ ಮೊದಲ ಚಿತ್ರ ‘ರಿಕೊಮಿಂಚೊ ದಾ ತ್ರೆ’, ಅಂದರೆ ‘ಮೂರರಿಂದ ಮತ್ತೆ ಶುರು’. ಬರವಣಿಗೆಯಲ್ಲಿ ಆನ್ನಾ ಪವಿನ್ಯಾನೊ ಜೊತೆಯಾದರು, ಸಂಗೀತ ನೇಪಲ್ಸಿನವರೇ ಆದ ಪೀನೊ ದನಿಯೆಲೆ ಅವರದು. ಆ ವರ್ಷ ಉತ್ತಮ ಚಿತ್ರ ಮತ್ತು ಉತ್ತಮ ನಟ ಎರಡಕ್ಕೂ ಇಟಲಿಯ ದೊಡ್ಡ ಚಲನಚಿತ್ರ ಪ್ರಶಸ್ತಿಯಾದ ದಾವಿದ್ ದಿ ದೊನಾತೆಲ್ಲೊ ಬಂತು. ಕಥಾನಾಯಕ ಗಯೆತಾನೊ ಊರಿನಲ್ಲಿ ಬೇಸತ್ತು ಫ್ಲಾರೆನ್ಸಿಗೆ ಹೊರಡುತ್ತಾನೆ. ಸೊನ್ನೆಯಿಂದ ಶುರುಮಾಡುತ್ತೀಯಲ್ಲ ಎಂದು ಗೆಳೆಯ ಹೇಳಿದಾಗ, ಇಷ್ಟು ದಿನದಲ್ಲಿ ನನಗೆ ಮೂರು ಕೆಲಸವಾದರೂ ನೆಟ್ಟಗೆ ಆಗಿವೆ, ಅವನ್ನೇಕೆ ಕಳೆದುಕೊಳ್ಳಲಿ, ನಾನು ಮೂರರಿಂದ ಶುರುಮಾಡುತ್ತೇನೆ ಎನ್ನುತ್ತಾನೆ. ಪರವೂರಿನಲ್ಲಿ ಸಿಕ್ಕವರೆಲ್ಲ ಈತನ ಮಾತು ಕೇಳಿದೊಡನೆ ‘ವಲಸೆ ಬಂದವನೇ?’ ಎಂದು ವಿಚಾರಿಸುತ್ತಾರೆ. ನೇಪಲ್ಸಿನವನೂ ಸುಮ್ಮನೆ ಊರು ನೋಡಲು ಬರಬಹುದಲ್ಲವೇ ಎಂದು ಆತ ಎಲ್ಲರಿಗೂ ವಿವರಿಸುತ್ತ ಹೋಗುತ್ತಾನೆ. ನಿಮ್ಮನ್ನು ಖಾಯಂ ಆಗಿ ಉಳಿಯಲು ಬಂದವರೇ ಎಂದು ದಿನಕ್ಕೆ ಮೂವರು ಕೇಳುತ್ತಾರೆಂದು ಬರೆದಿದ್ದೀರಿ. ಆ ಪ್ರಶ್ನೆಯನ್ನು ಕೇಳುತ್ತಿರುವವರಲ್ಲಿ ಎಷ್ಟೋ ಮಂದಿಯ ಅಣ್ಣತಮ್ಮಂದಿರು ಉತ್ತರದ ತೊರೀನೊ, ಮಿಲಾನುಗಳಲ್ಲಿ ಅದೇ ಪ್ರಶ್ನೆಗೆ ಉತ್ತರ ಹೇಳಿದವರು ಎಂಬುದನ್ನು ನಾನು ತಿಳಿದುಕೊಂಡದ್ದು ಈ ಚಿತ್ರದಿಂದ.

ಅದೇ ಚಿತ್ರದಲ್ಲಿ ಹುಟ್ಟಲಿರುವ ಮಗುವಿನ ಹೆಸರಿನ ಚರ್ಚೆಯಿದೆ. ಗಯೆತಾನೊನ ಪ್ರೇಯಸಿಗೆ ಮಾಸ್ಸಿಮಿಲಿಯಾನೊ ಎಂದಿಡುವ ಆಸೆ. ಅಷ್ಟುದ್ದ ಹೆಸರನ್ನು ತಾಯಿ ಕೂಗಿ ಮುಗಿಸುವಷ್ಟರಲ್ಲಿ ಮಗು ಓಡಿಹೋಗಿರುತ್ತದೆ, ಹಾಗಾಗಿ ಅಂಥ ಮಕ್ಕಳು ಶಿಸ್ತಿಲ್ಲದೆ ಬೆಳೆಯುತ್ತಾರೆ, ‘ಊಗೊ’ ಎಂದಾದರೆ ಅಲ್ಲೇ ನಿಲ್ಲುತ್ತದೆ ಎಂಬುದು ಈತನ ವಾದ. ಐದಕ್ಷರದ ನನ್ನ ಹೆಸರು ಇಲ್ಲಿನವರ ಬಾಯಲ್ಲಿ ಮೊದಲ ವಾರದಲ್ಲೇ ಎರಡಕ್ಷರವಾಗಿತ್ತು. ಈ ದೃಶ್ಯ ನೋಡಿದ ಮೇಲೆ ನನಗೆ ಅದರ ಬಗ್ಗೆ ತಕರಾರಿಲ್ಲ.

ಅವರ ಸೌಮ್ಯತೆಯನ್ನು ದುರ್ಬಲತೆಯೆಂದು ಭಾವಿಸಬೇಡಿ. ಅದೇ 1981ರಲ್ಲಿ ಸಾನ್ ರೇಮೊ ಸಂಗೀತೋತ್ಸವಕ್ಕೆ ಅತಿಥಿಯಾಗಿ ಕರೆ ಬಂದಾಗ, ಧರ್ಮ, ರಾಜಕೀಯ ಮತ್ತು ಕೆಲವೇ ತಿಂಗಳ ಹಿಂದೆ ದಕ್ಷಿಣವನ್ನು ನಡುಗಿಸಿದ್ದ 1980ರ ನವೆಂಬರಿನ ಭೂಕಂಪದ ಕುರಿತು ಮಾತನಾಡಬಾರದೆಂಬ ನಿರ್ಬಂಧ ಎದುರಾಯಿತು. ಅವರು ವೇದಿಕೆ ಹತ್ತಲೇ ಇಲ್ಲ.

ಎರಡನೆಯ ಚಿತ್ರ 1983ರಲ್ಲಿ ಬಂತು, ಅದರ ಹೆಸರೇ ‘ತಡವಾದುದಕ್ಕೆ ಕ್ಷಮಿಸಿ’. 1984ರ ‘ನೊನ್ ಚಿ ರೆಸ್ತಾ ಕೆ ಪ್ಯಾಂಜೆರೆ’ಯನ್ನು ತೊಸ್ಕಾನಾದ ನಟ ರೊಬೆರ್ತೊ ಬೆನೀನ್ಯಿ ಅವರೊಡನೆ ಸೇರಿ ಬರೆದು, ನಿರ್ದೇಶಿಸಿ, ನಟಿಸಿದರು. ಒಬ್ಬ ಶಿಕ್ಷಕ, ಒಬ್ಬ ಶಾಲೆಯ ಜವಾನ, ಇಬ್ಬರೂ ಮಳೆಯ ರಾತ್ರಿಯೊಂದರಲ್ಲಿ ದಾರಿ ತಪ್ಪಿ 1492ರಲ್ಲಿ ಎಚ್ಚರಗೊಳ್ಳುತ್ತಾರೆ. ಲಿಯೊನಾರ್ಡೊ ಡ ವಿಂಚಿ ಎದುರಾದಾಗ ರೈಲು ಎಂದರೇನೆಂದು ವಿವರಿಸಲು ಹೋಗಿ ಸೋಲುತ್ತಾರೆ. ಗಡಿಯಲ್ಲೊಬ್ಬ ಸುಂಕದವನು ಗೆರೆ ದಾಟಿದಾಗಲೆಲ್ಲ ಯಾರು ನೀವು, ಎಲ್ಲಿಗೆ ಹೋಗುತ್ತೀರಿ ಎಂದು ಮೊದಲಿನಿಂದ ಕೇಳಿ ‘ಒಂದು ಫಿಯೊರಿನೊ’, ಅಂದರೆ ಆ ಕಾಲದ ಒಂದು ನಾಣ್ಯ, ವಸೂಲು ಮಾಡುತ್ತಾನೆ, ಮರೆತ ವಸ್ತು ತರಲು ಎರಡು ಹೆಜ್ಜೆ ಹಿಂದೆ ಹೋಗಿ ಬಂದರೂ ಮತ್ತೊಂದು. ವಾಸದ ಪರವಾನಗಿಗೆ ಅರ್ಜಿ ಹಾಕುವಾಗ ನೀವು ಅಂಟಿಸಿದ 16 ಯೂರೊದ ಮಾರ್ಕಾ ದ ಬೊಲ್ಲೊ, ಅಂದರೆ ಸರ್ಕಾರಿ ಶುಲ್ಕದ ಸ್ಟಾಂಪು, ನೆನಪಿರಬಹುದು. ನನ್ನ ಪರವಾನಗಿಯ ನವೀಕರಣಕ್ಕೆ ಸರದಿಯಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಮೆಲ್ಲಗೆ ‘ಉನ್ ಫಿಯೊರಿನೊ’ ಎಂದರು. ಐದಾರು ದೇಶಗಳವರಿದ್ದ ಆ ಸಾಲಿನಲ್ಲಿ ಯಾರು ಎಷ್ಟು ವರ್ಷದಿಂದ ಇಲ್ಲಿದ್ದಾರೆಂಬುದು ಯಾರು ನಕ್ಕರೆಂಬುದರಿಂದಲೇ ತಿಳಿಯಿತು.

1987ರ ಚಿತ್ರ ಫ್ಯಾಸಿಸ್ಟರ ಕಾಲದ್ದು, 1991ರದು ಪ್ರೇಮದ ಗೊಂದಲಗಳದು. ಅವನ್ನು ಆಮೇಲೆ ನೋಡಬಹುದು. ಎತ್ತೊರೆ ಸ್ಕೋಲಾ ನಿರ್ದೇಶನದ 1989ರ ‘ಕೆ ಓರಾ ಎ’ಯನ್ನು ಮಾತ್ರ ಬಿಡಬೇಡಿ. ಸೈನ್ಯದ ಸೇವೆಯಲ್ಲಿರುವ ಮಗನನ್ನು ನೋಡಲು ರೋಮಿನ ವಕೀಲ ತಂದೆ ಬಂದು ಒಂದು ದಿನ ಕಳೆಯುವುದಷ್ಟೇ ಕಥೆ. ತಂದೆಯಾಗಿ ಮಾರ್ಚೆಲ್ಲೊ ಮಾಸ್ತ್ರೊಯಾನ್ನಿ ಮಾತನಾಡುತ್ತಲೇ ಇರುತ್ತಾರೆ, ಮಗನಾದ ತ್ರೊಯಿಸಿ ತಪ್ಪಿಸಿಕೊಳ್ಳುತ್ತಿರುತ್ತಾರೆ; ವೆನಿಸ್ ಉತ್ಸವದಲ್ಲಿ ಉತ್ತಮ ನಟ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದರು. ಊರಿಗೆ ಫೋನು ಮಾಡಿ ಐದು ನಿಮಿಷಕ್ಕೆ ಮಾತು ಮುಗಿದುಹೋಗುವ ನಮ್ಮಂಥವರು ಅದನ್ನು ಒಬ್ಬರೇ ಕುಳಿತು ನೋಡುವುದು ಒಳ್ಳೆಯದು.

ಹೊರಗಿನವರು ಅವರನ್ನು ಬಲ್ಲದ್ದು ‘ಇಲ್ ಪೊಸ್ತೀನೊ’ದಿಂದ, ಮೈಕೆಲ್ ರ‍್ಯಾಡ್‌ಫರ್ಡ್ ನಿರ್ದೇಶನದ, ಕವಿ ನೆರೂಡಾಗೆ ಅಂಚೆ ತಲುಪಿಸುವವನ ಕಥೆಯಿಂದ. ಪ್ರೊಚಿದಾ ಮತ್ತು ಸಲೀನಾ ದ್ವೀಪಗಳಲ್ಲಿ ಚಿತ್ರೀಕರಣ ನಡೆಯಿತು; ಹೃದಯದ ಚಿಕಿತ್ಸೆಯನ್ನು ಮುಂದೂಡಿದ್ದ ತ್ರೊಯಿಸಿ ದಿನಕ್ಕೆ ಸ್ವಲ್ಪ ಹೊತ್ತಷ್ಟೇ ಕೆಲಸ ಮಾಡಬಲ್ಲವರಾಗಿದ್ದರು, ದಣಿವಿನ ದೃಶ್ಯಗಳಿಗೆ ಬದಲಿ ನಟರನ್ನು ಬಳಸಬೇಕಾಯಿತು. ಚಿತ್ರೀಕರಣ ಮುಗಿದ ಮರುದಿನ, 1994ರ ಜೂನ್ 4ರಂದು, ರೋಮಿನ ಬಳಿಯ ಒಸ್ತಿಯಾದಲ್ಲಿ ಅಕ್ಕನ ಮನೆಯಲ್ಲಿ ತೀರಿಕೊಂಡರು. ವಯಸ್ಸು 41. 1996ರಲ್ಲಿ ಆ ಚಿತ್ರಕ್ಕೆ ಐದು ಆಸ್ಕರ್ ನಾಮನಿರ್ದೇಶನಗಳು ಬಂದವು, ಅವುಗಳಲ್ಲಿ ಮರಣೋತ್ತರವಾಗಿ ಉತ್ತಮ ನಟನದೂ ಒಂದು. ಗೆದ್ದದ್ದು ಲೂಯಿಸ್ ಬಕಾಲೊವ್ ಅವರ ಸಂಗೀತ. ಚಿತ್ರ ಸೊಗಸಾಗಿದೆ. ಆದರೆ ಅಲ್ಲಿಂದ ಶುರುಮಾಡಿದವರಿಗೆ ಬಳಲಿದ ಮೃದು ಮನುಷ್ಯನೊಬ್ಬ ಕಾಣುತ್ತಾನೆಯೇ ಹೊರತು, ನಗಿಸುತ್ತಲೇ ಕೆಣಕುತ್ತಿದ್ದ ತ್ರೊಯಿಸಿ ಕಾಣುವುದಿಲ್ಲ. ನನ್ನಿಂದಲೂ ಅದೇ ತಪ್ಪಾಗಿತ್ತು.

ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ: ಆಡಲು ಇಟಾಲಿಯನ್ ಸಾಕು, ಕಚೇರಿಗಳಲ್ಲಿ, ಪರೀಕ್ಷೆಗಳಲ್ಲಿ ಅದೇ ನಡೆಯುತ್ತದೆ, ನೇಪಲ್ಸಿನ ನುಡಿಯನ್ನು ಕೇಳಿಸಿಕೊಳ್ಳುವಷ್ಟು ಕಲಿಯಿರಿ, ಆಡಲು ಅವಸರ ಬೇಡ, ಅದು ತಾನಾಗಿ ಬರುತ್ತದೆ. ಈ ಭಾನುವಾರ ಊಟವಾದ ಮೇಲೆ ಮನೆಯ ಹುಡುಗರನ್ನು ಕೂರಿಸಿಕೊಂಡು ದೇವದೂತನ ಪ್ರಹಸನ ಹಾಕಿಸಿ, ಆಮೇಲೆ ‘ರಿಕೊಮಿಂಚೊ ದಾ ತ್ರೆ’ಯನ್ನು ಇಟಾಲಿಯನ್ ಅಡಿಬರಹದೊಡನೆ ನೋಡಿ. ತಿಳಿಯದ ಕಡೆ ನಿಲ್ಲಿಸಿ ಅರ್ಥ ಕೇಳಿ. ಅವರು ವಿವರಿಸಲು ಹೊರಟು ತಮ್ಮತಮ್ಮಲ್ಲೇ ವಾದಕ್ಕಿಳಿದು, ಅರ್ಧ ಗಂಟೆಯಾದರೂ ಚಿತ್ರ ಮುಂದಕ್ಕೆ ಹೋಗದಿದ್ದರೆ ಬೇಸರಿಸಬೇಡಿ, ಆ ಜಗಳವನ್ನು ಗಮನವಿಟ್ಟು ಕೇಳಿ.