ಮಧ್ಯದಲ್ಲೇ ನಿಂತರೂ ಹಾಳಾಗದ ಹಾಗೆ ಮಕ್ಕಳ ಸೀಸನ್ ಪ್ಲಾನ್ ಮಾಡುವುದು ಹೇಗೆ? (ಕೊರೊನಾ ನಿರ್ಬಂಧಗಳಿದ್ದ ಕಾಲದ ಪ್ರಶ್ನೋತ್ತರ)

ಪ್ರಶ್ನೆ: ನಾನು 10ರಿಂದ 16 ವರ್ಷದ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಒಟ್ಟು 48 ಮಕ್ಕಳಿದ್ದಾರೆ. ಕೊರೊನಾ ನಿರ್ಬಂಧ ಈ ವಾರ ಸಡಿಲ, ಮುಂದಿನ ವಾರ ಮತ್ತೆ ಬಿಗಿ. ಪೋಷಕರು ಇಡೀ ಸೀಸನ್‌ನ ವೇಳಾಪಟ್ಟಿ ಕೇಳುತ್ತಿದ್ದಾರೆ. ಮಧ್ಯದಲ್ಲಿ ನಿಂತುಹೋದರೆ ಫೀಸಿನ ಗಲಾಟೆ ಬೇರೆ. ಹೇಗೆ ಪ್ಲಾನ್ ಮಾಡಲಿ ಸರ್?

ಉತ್ತರ: ಇಡೀ ಸೀಸನ್‌ನ ಪಟ್ಟಿ ಕೊಡಲೇಬೇಡಿ. ಟೋಕಿಯೊ ಒಲಿಂಪಿಕ್ಸೇ 2020ರಿಂದ 2021ಕ್ಕೆ ಹೋಯಿತು, 2020ರ ವಿಂಬಲ್ಡನ್ ನಡೆಯಲೇ ಇಲ್ಲ. ಅಷ್ಟು ದುಡ್ಡು, ಅಷ್ಟು ಜನ ಇದ್ದವರಿಗೇ ತಾರೀಖು ಉಳಿಸಿಕೊಳ್ಳಲು ಆಗಲಿಲ್ಲ ಅಂದಮೇಲೆ ನೀವು ಆರು ತಿಂಗಳ ಪಟ್ಟಿ ಕೊಟ್ಟು ಮಾತು ಕೊಟ್ಟ ಹಾಗೆ ಆಗುವುದು ಬೇಡ.

ಎರಡೆರಡು ವಾರದ ಕಂತು ಮಾಡಿಕೊಳ್ಳಿ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು 14 ದಿನದವರೆಗೂ ಹಿಡಿಯಬಹುದು, ಹಾಗಾಗಿ ಈ ಲೆಕ್ಕ. ಒಂದೊಂದು ಕಂತೂ ತನ್ನಷ್ಟಕ್ಕೆ ಪೂರ್ತಿ ಇರಲಿ: ಅಭ್ಯಾಸ, ಒಂದು ಹೊಸ ಪಾಠ, ಕೊನೆಗೆ ತಮ್ಮತಮ್ಮಲ್ಲೇ ಒಂದು ಮ್ಯಾಚ್. ಹೀಗಿದ್ದರೆ ಮೂರನೇ ಕಂತಿಗೆ ಎಲ್ಲ ನಿಂತರೂ ಮಕ್ಕಳು ಎರಡು ಕಂತು ಆಡಿರುತ್ತಾರೆ. ಫೀಸನ್ನೂ ಕಂತಿಗಿಷ್ಟು ಅಂತಲೇ ತೆಗೆದುಕೊಳ್ಳಿ. ಅರ್ಧಕ್ಕೆ ನಿಂತರೆ ದುಡ್ಡು ವಾಪಸ್ಸೋ, ಮುಂದಿನ ಕಂತಿಗೆ ಜಮೆಯೋ ಅನ್ನುವುದನ್ನು ಮೊದಲ ದಿನವೇ ಬರೆದು ಕೊಡಿ. ಗಲಾಟೆ ಅರ್ಧ ಅಲ್ಲೇ ತಪ್ಪುತ್ತದೆ.

48 ಮಕ್ಕಳನ್ನು 12ರಂತೆ ನಾಲ್ಕು ಗುಂಪು ಮಾಡಿ. ಆರಾರು ಜನ ಎದುರಾಳಿಯಾಗಿ ಆಡಲು ಅಷ್ಟು ಸಾಕು. ಗುಂಪುಗಳು ಬೆರೆಯಬಾರದು, ಒಂದು ಗುಂಪಿಗೆ ಕೋಚ್ ಕೂಡ ಆದಷ್ಟು ಒಬ್ಬರೇ ಇರಲಿ. ಅಣ್ಣ ತಮ್ಮ, ಅಕ್ಕ ತಂಗಿ, ಒಂದೇ ಕಾರಿನಲ್ಲಿ ಬರುವ ಮಕ್ಕಳು, ಇವರನ್ನೆಲ್ಲ ವಯಸ್ಸು ತುಸು ಹೆಚ್ಚುಕಮ್ಮಿ ಆದರೂ ಒಂದೇ ಗುಂಪಿಗೆ ಹಾಕಿ, ಇಲ್ಲದಿದ್ದರೆ ನೀವು ಮೈದಾನದಲ್ಲಿ ಬೇರೆ ಮಾಡಿದ್ದು ಮನೆಯಲ್ಲಿ ಮತ್ತೆ ಸೇರಿಹೋಗುತ್ತದೆ. ಒಂದು ಗುಂಪು ಹೋಗಿ ಇನ್ನೊಂದು ಬರುವ ನಡುವೆ ಕಾಲು ಗಂಟೆ ಬಿಡಿ.

ಎಲ್ಲರೂ ಭಯಪಡುವುದು ಆಟದ ಹೊತ್ತಿನ ಬಗ್ಗೆ. ಆದರೆ ಬಯಲಿನಲ್ಲಿ ಓಡುವಾಗ ಗಾಳಿ ಚೆನ್ನಾಗಿ ಆಡುತ್ತದೆ, ಮಕ್ಕಳು ಒಬ್ಬರ ಪಕ್ಕ ಒಬ್ಬರು ಇರುವುದೂ ಕ್ಷಣಮಾತ್ರ. ಜಾಸ್ತಿ ಅಪಾಯ ಇರುವುದು ಗೇಟಿನ ಹತ್ತಿರ, ಡ್ರೆಸ್ಸಿಂಗ್ ರೂಮಿನಲ್ಲಿ, ಕಿಟಕಿ ಮುಚ್ಚಿದ ವ್ಯಾನಿನಲ್ಲಿ, ಗೋಲು ಹೊಡೆದ ಮೇಲೆ ಒಬ್ಬರ ಮೇಲೊಬ್ಬರು ಬೀಳುವಾಗ. ನೀರು ಕುಡಿಯುವ ಬಿಡುವನ್ನೇ ಒಮ್ಮೆ ಗಮನಿಸಿ ನೋಡಿ: ಹನ್ನೆರಡು ಬಾಟಲಿ ಒಂದೇ ಕಡೆ ಗುಡ್ಡೆ ಬಿದ್ದಿರುತ್ತವೆ, ಎಲ್ಲರೂ ಬಗ್ಗಿ, ಏದುಸಿರು ಬಿಡುತ್ತಾ, ತಲೆಗೆ ತಲೆ ತಾಗಿಸಿಕೊಂಡು ತಮ್ಮದನ್ನು ಹುಡುಕುತ್ತಾರೆ, ಸಿಗದವನು ಪಕ್ಕದವನದ್ದನ್ನೇ ಎತ್ತಿ ಕುಡಿಯುತ್ತಾನೆ. ಗೆರೆಯ ಉದ್ದಕ್ಕೂ ಎರಡು ಮೀಟರಿಗೊಂದರಂತೆ ಹೆಸರು ಬರೆದ ಬಾಟಲಿ ಇಡಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಾಸ್ಕ್ ಹಾಕಿಕೊಂಡು ಜೋರಾಗಿ ಓಡಿಸಬೇಡಿ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡ ಅಂದಿದೆ. ಬೆಂಚಿನಲ್ಲಿ, ವಾಹನದಲ್ಲಿ, ನಿಮ್ಮ ಕಡೆಯ ನಿಯಮ ಹೇಳುವ ವಯಸ್ಸಿನವರು ಹಾಕಿಕೊಳ್ಳಲಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಮಕ್ಕಳು ಜ್ವರ ಮುಚ್ಚಿಡುತ್ತಾರೆ. ಶನಿವಾರ ಮ್ಯಾಚ್ ಇದೆ, ಬರದಿದ್ದರೆ ತಂಡದಲ್ಲಿ ಜಾಗ ಹೋಗುತ್ತದೆ ಅಂತ ಗೊತ್ತಿರುವ ಹುಡುಗ ಗಂಟಲು ನೋವು ಅಂತ ಹೇಳುತ್ತಾನಾ? ಅಪ್ಪ ಅಮ್ಮನೂ ‘ಸ್ವಲ್ಪ ಕೆಮ್ಮು ಅಷ್ಟೇ’ ಅಂದುಕೊಂಡು ಮಾತ್ರೆ ಕೊಟ್ಟು ಕಳಿಸಿಬಿಡುತ್ತಾರೆ. ಗೇಟಿನಲ್ಲಿ ನಿಂತು ಹಣೆಗೆ ಥರ್ಮಾಮೀಟರ್ ಹಿಡಿದರೆ ಇದು ಸಿಗುವುದಿಲ್ಲ. ಹುಷಾರಿಲ್ಲ ಅಂತ ಮನೆಯಲ್ಲಿ ಉಳಿದವರ ಜಾಗ ಹಾಗೇ ಇರುತ್ತದೆ ಅಂತ ಎಲ್ಲರ ಮುಂದೆ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಪೂರ್ತಿ ಹಾಜರಾತಿಗೆ ಬಹುಮಾನ ಇದ್ದರೆ ಈ ವರ್ಷ ತೆಗೆದುಹಾಕಿ. ನಿಮಗೇ ನೆಗಡಿಯಾದರೆ ನೀವೂ ಬರಬೇಡಿ, ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ.

ಸೋಂಕು ಬಂದು ಹೋದ ಮಗುವನ್ನು ಸೀದಾ ಮ್ಯಾಚಿಗೆ ಇಳಿಸಬೇಡಿ. ಮೊದಲು ವೈದ್ಯರು ಸರಿ ಅನ್ನಲಿ. ಆಮೇಲೆ ನಡಿಗೆ, ನಿಧಾನ ಓಟ, ಚೆಂಡಿನ ಅಭ್ಯಾಸ, ಪೂರ್ತಿ ಅಭ್ಯಾಸ, ಕೊನೆಗೆ ಮ್ಯಾಚ್, ಹೀಗೆ ಒಂದು ವಾರವಾದರೂ ಹಿಡಿಯಲಿ. ಎದೆ ನೋವು, ಎದೆ ಡವಡವ, ತಲೆಸುತ್ತು, ಯಾವತ್ತೂ ಇಲ್ಲದಂಥ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಕಳಿಸಿ. ಅಪರೂಪಕ್ಕೆ ಈ ವೈರಸ್ ಹೃದಯದ ಸ್ನಾಯುವಿಗೆ ಉರಿಯೂತ ತರುತ್ತದೆ. ಸೋಂಕು ಬರದವರೂ ತಿಂಗಳುಗಟ್ಟಲೆ ಮನೆಯಲ್ಲಿ ಕೂತಿದ್ದಾರೆ ಅಲ್ವಾ, ಮೊದಲ ಕಂತಿನಲ್ಲಿ ಓಟ, ಜಿಗಿತ ಸ್ವಲ್ಪಸ್ವಲ್ಪವೇ ಜಾಸ್ತಿ ಮಾಡಿ.

ಲೀಗ್ ಮಾಡಲೇಬೇಕು ಅಂತಿದ್ದರೆ ಹತ್ತಿರದ ಮೂರು ನಾಲ್ಕು ತಂಡ ಸಾಕು. ಮ್ಯಾಚ್‌ಗಳು ರದ್ದಾಗಿ ಲೆಕ್ಕ ತಪ್ಪಿದರೆ ಒಟ್ಟು ಅಂಕ ಬಿಟ್ಟು ಪ್ರತಿ ಮ್ಯಾಚಿಗೆ ಸರಾಸರಿ ಎಷ್ಟು ಅಂಕ ಅಂತ ನೋಡಿ. 2020ರಲ್ಲಿ ಫ್ರಾನ್ಸಿನ ದೊಡ್ಡ ಲೀಗ್ ಅರ್ಧಕ್ಕೆ ನಿಂತಾಗ ಸ್ಥಾನ ಹಂಚಿದ್ದೇ ಹೀಗೆ. ಆದರೆ ಈ ನಿಯಮವನ್ನು ಮೊದಲ ಮ್ಯಾಚಿಗೆ ಮುಂಚೆ ಹೇಳಿಬಿಡಿ.

ಪ್ರಶ್ನೆ: ನನ್ನ ಮಗಳು 14 ವರ್ಷದ ಒಳಗಿನವರ ತಂಡದಲ್ಲಿ ಆಡಬೇಕಿತ್ತು. ಟೂರ್ನಿ ರದ್ದಾಯಿತು, ಈಗ ವಯಸ್ಸು ಮೀರಿದೆ. ಆಟದ ಮಾತೇ ಎತ್ತುತ್ತಿಲ್ಲ. ಏನು ಮಾಡಲಿ?

ಉತ್ತರ: ವಯಸ್ಸಿನ ಮಿತಿ ಒಂದು ವರ್ಷ ಮುಂದೆ ಹಾಕಿ ಅಂತ ಆಯೋಜಕರನ್ನು ಕೇಳಿ ಮೇಡಂ, ನಾಲ್ಕು ಪೋಷಕರು ಸೇರಿ ಪತ್ರ ಬರೆದು ಕೇಳಿ. ಒಲಿಂಪಿಕ್ಸ್ ಪುರುಷರ ಫುಟ್‌ಬಾಲಿನಲ್ಲಿ 23 ವರ್ಷದ ಮಿತಿ ಇರುತ್ತದೆ. ಕೂಟ 2021ಕ್ಕೆ ಹೋದಾಗ 1997ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಇದ್ದ ಅವಕಾಶವನ್ನು ಹಾಗೇ ಉಳಿಸಿದರು, ಅಂದರೆ ಮಿತಿ 24 ಆಯಿತು. ದೊಡ್ಡವರಿಗೆ ಮಾಡಿದ್ದನ್ನು ಮಕ್ಕಳಿಗೆ ಮಾಡಲು ಕಷ್ಟವೇನಿಲ್ಲ.

ಅವಳಿಗೆ ಮಾತ್ರ ‘ಪರವಾಗಿಲ್ಲ, ಮುಂದಿನ ವರ್ಷ ಇದೆಯಲ್ಲ’ ಅನ್ನಬೇಡಿ. ಅವಳ ಪಾಲಿಗೆ ಆ ಟೂರ್ನಿ ಮುಂದಿನ ವರ್ಷ ಇಲ್ಲ, ಅದು ಅವಳಿಗೆ ಗೊತ್ತು. ಬೇಜಾರಾಗಿದೆ ಅಂದರೆ ಸುಮ್ನೆ ಕೇಳಿಸಿಕೊಳ್ಳಿ. ಹಳೇ ತಂಡದ ಒಬ್ಬಿಬ್ಬರ ಜೊತೆ ವಾರಕ್ಕೆರಡು ದಿನ ಬಯಲಿನಲ್ಲಿ ಆಡುವುದಕ್ಕಾದರೂ ನಿಯಮ ಒಪ್ಪುತ್ತದಾ ನೋಡಿ, ಒಪ್ಪಿದರೆ ಇದೇ ವಾರ ಶುರು ಮಾಡಿಸಿ.