ಯೆಲ್ಲೋಸ್ಟೋನ್ ಸ್ಫೋಟಕ್ಕೆ ‘ಟೈಮ್ ಮೀರಿದೆ’ ಎಂದು ಹೆದರಿಸುವವರು

ಅಮೆರಿಕದ ಯಾವುದೋ ಮೂಲೆಯಲ್ಲಿ ನೆಲ ಸ್ವಲ್ಪ ನಡುಗಿದರೆ ಸಾಕು, ನನಗೆ ಪತ್ರಗಳು ಶುರುವಾಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ ಪ್ರಶ್ನೆ. ಅದಕ್ಕೆ ಬಿಡಿಸಿ ಉತ್ತರ ಕೊಡುತ್ತೇನೆ. ಜ್ವಾಲಾಮುಖಿ ಹೇಗೆ ಹುಟ್ಟುತ್ತದೆ ಅನ್ನೋದೆಲ್ಲ ಮಕ್ಕಳ ಶಾಲೆ ಪುಸ್ತಕದಲ್ಲೇ ಇದೆ, ದಯವಿಟ್ಟು ಅಲ್ಲಿ ಓದಿಕೊಳ್ಳಿ.

ಪ್ರಶ್ನೆ: ನನ್ನ ಮಗ, ಸೊಸೆ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾರೆ. ಯೆಲ್ಲೋಸ್ಟೋನ್ ಸೂಪರ್ ವಾಲ್ಕೆನೊ ಸಿಡಿಯುವ ಟೈಮ್ ಮೀರಿದೆ, ಕಾಡೆಮ್ಮೆಗಳು ಓಡಿಹೋಗುತ್ತಿವೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಬಂದಿದೆ. ನಿದ್ದೆ ಬರುತ್ತಿಲ್ಲ. ವಾಪಸ್ ಬಂದುಬಿಡಿ ಎನ್ನಲೇ? — ಗೃಹಿಣಿ, ಹಾಸನ

ಬೇಡಮ್ಮ. ಮಗನನ್ನು ನೆಮ್ಮದಿಯಾಗಿ ಇರಲು ಬಿಡಿ, ನೀವೂ ನಿದ್ದೆ ಮಾಡಿ.

ಆ ‘ಟೈಮ್ ಮೀರಿದೆ’ ಎನ್ನುವ ಮಾತನ್ನು ಕೇಳಿದರೆ ನನಗೆ ಕೋಪ ಬರುತ್ತದೆ. ಯೆಲ್ಲೋಸ್ಟೋನ್ ಅಂದರೆ ಅಮೆರಿಕದ ಒಂದು ರಾಷ್ಟ್ರೀಯ ಉದ್ಯಾನ, ಅದರ ಕೆಳಗೇ ಸೂಪರ್ ವಾಲ್ಕೆನೊ, ಅಂದರೆ ಅತಿ ಭಾರಿಯಾಗಿ ಸಿಡಿಯಬಲ್ಲ ಜ್ವಾಲಾಮುಖಿ ಇದೆ. ಅಲ್ಲಿ ನೆಲವೇ ಕುಸಿದು ದೊಡ್ಡ ಬಾಣಲೆಯಂಥ ತಗ್ಗು ಉಂಟಾಗುವಷ್ಟು ಭಾರಿ ಸ್ಫೋಟ ಆಗಿರುವುದು ಮೂರು ಸಲ. ಸುಮಾರು 21 ಲಕ್ಷ ವರ್ಷಗಳ ಹಿಂದೆ, 13 ಲಕ್ಷ ವರ್ಷಗಳ ಹಿಂದೆ, ಮತ್ತೆ 6.4 ಲಕ್ಷ ವರ್ಷಗಳ ಹಿಂದೆ. ಮಧ್ಯದ ಅಂತರ ಎಷ್ಟಾಯಿತು? ಒಂದು 8 ಲಕ್ಷ, ಇನ್ನೊಂದು 6.6 ಲಕ್ಷ. ಸರಾಸರಿ ತೆಗೆದರೆ 7.3 ಲಕ್ಷ. ಕಳೆದಿರುವುದು 6.4 ಲಕ್ಷ. ಅಂದರೆ ಅವರದೇ ಲೆಕ್ಕ ಹಿಡಿದರೂ ಇನ್ನೂ 90 ಸಾವಿರ ವರ್ಷ ಬಾಕಿ ಇದೆ! ಹೆದರಿಸುವವರು ಈ ಕೂಡು-ಕಳೆಯನ್ನೂ ಮಾಡಿಲ್ಲ.

ಹಾಗಂತ ಆ 90 ಸಾವಿರವನ್ನೂ ನಂಬಬೇಡಿ. ಎರಡೇ ಎರಡು ಅಂತರ ಇಟ್ಟುಕೊಂಡು ತೆಗೆದ ಸರಾಸರಿಗೆ ಏನು ಬೆಲೆ? ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಹೇಳುವ ‘ವರ್ಷಕ್ಕೆ 7,30,000ರಲ್ಲಿ ಒಂದು ಪಾಲು ಸಾಧ್ಯತೆ’ ಬಂದಿರುವುದೂ ಇದೇ ಎರಡು ಅಂತರಗಳಿಂದ. ಅದು ಅಂದಾಜು ಅಷ್ಟೇ ಎಂದು ಅವರೇ ಹೇಳುತ್ತಾರೆ. ಜ್ವಾಲಾಮುಖಿಗೆ ವೇಳಾಪಟ್ಟಿ ಇರುವುದಿಲ್ಲ. ಕರಗಿದ ಶಿಲಾರಸ ಸಾಕಷ್ಟು ಸೇರಬೇಕು, ಒತ್ತಡ ಏರಬೇಕು. ಆಗ ಮಾತ್ರ ಸಿಡಿಯುತ್ತದೆ. ಎರಡೂ ಆಗದಿದ್ದರೆ ಎಷ್ಟು ಲಕ್ಷ ವರ್ಷ ಕಳೆದರೂ ಸುಮ್ಮನಿರುತ್ತದೆ.

ಈಗ ಯೆಲ್ಲೋಸ್ಟೋನ್ ಕೆಳಗೆ ಏನಿದೆ? ಕುದಿಯುವ ಬೆಂಕಿಯ ಕೆರೆ ಇದೆ ಅಂತ ವಿಡಿಯೊಗಳಲ್ಲಿ ತೋರಿಸುತ್ತಾರೆ. ಅದು ಸುಳ್ಳು. ಭೂಕಂಪದ ಅಲೆಗಳು ಹಾದುಹೋಗುವ ವೇಗ ನೋಡಿ ಒಳಗಿನ ಸ್ಥಿತಿ ಅಳೆಯುತ್ತಾರೆ. ಅಲ್ಲಿನ ಬಂಡೆಯಲ್ಲಿ ಹೆಚ್ಚಿನ ಪಾಲು ಗಟ್ಟಿಯಾಗಿಯೇ ಇದೆ. ಗಟ್ಟಿ ಮೈಸೂರ್ ಪಾಕಿನ ತೂತುಗಳಲ್ಲಿ ತುಪ್ಪ ನಿಂತಿರುತ್ತದಲ್ವಾ, ಹಾಗೆ ಹರಳುಗಳ ಸಂದಿಯಲ್ಲಿ ಕರಗಿದ ರಸ ಇದೆ. 2022ರಲ್ಲಿ ಬಂದ ಅಧ್ಯಯನ ಹಳೆಯ ಅಂದಾಜನ್ನು ಸ್ವಲ್ಪ ಏರಿಸಿತು. ಆದರೂ ರಸದ ಪಾಲು ಶೇ 20ರ ಒಳಗೇ ಬಂತು. ಈ ರಾಶಿ ಇಡಿಯಾಗಿ ಹರಿದು ಮೇಲೇಳಬೇಕಾದರೆ ಅದರ ಸುಮಾರು ಎರಡು ಪಟ್ಟು ಬೇಕು.

ಇನ್ನು ನಿಮ್ಮ ವಿಡಿಯೊದ ಕಾಡೆಮ್ಮೆ. ಆ ಬೈಸನ್‌ಗಳು ಚಳಿಗಾಲದಲ್ಲಿ ಮೇವು ಹುಡುಕಿಕೊಂಡು ತಗ್ಗಿನ ಜಾಗಕ್ಕೆ ಇಳಿಯುತ್ತವೆ, ಆಮೇಲೆ ಮರಳುತ್ತವೆ. 2014ರಲ್ಲಿ ಇಂಥದೇ ವಿಡಿಯೊ ಹರಿದಾಡಿದಾಗ ಪಾರ್ಕಿನವರು ನೋಡಿ ಹೇಳಿದರು, ಅವು ಓಡುತ್ತಿದ್ದದ್ದು ಪಾರ್ಕಿನ ಒಳಕ್ಕೇ! ಭೂಕಂಪನವೂ ಅಷ್ಟೇ. ಅಲ್ಲಿ ವರ್ಷಕ್ಕೆ 1,500ರಿಂದ 2,500 ಕಂಪನ ದಾಖಲಾಗುತ್ತವೆ. ಬಹುಪಾಲು ಜನರ ಅನುಭವಕ್ಕೇ ಬರುವುದಿಲ್ಲ. ನೆಲ ಕೆಲವು ವರ್ಷ ಉಬ್ಬುತ್ತದೆ, ಕೆಲವು ವರ್ಷ ಇಳಿಯುತ್ತದೆ. ಅದು ಅಲ್ಲಿನ ಮಾಮೂಲಿ.

ಹಾಗಾದರೆ ಮಗನಿಗೆ ಹೇಳಬೇಕಾದದ್ದು ಏನೂ ಇಲ್ಲವೇ? ಇದೆ. ಸಾಲ್ಟ್ ಲೇಕ್ ಸಿಟಿಯಿಂದ ಯೆಲ್ಲೋಸ್ಟೋನ್ ಸುಮಾರು 500 ಕಿ.ಮೀ. ರಜೆ ಸಿಕ್ಕಾಗ ಅವರು ಹೋಗಿಯೇ ಹೋಗುತ್ತಾರೆ. ಅಲ್ಲಿ ಹಾಕಿರುವ ಮರದ ಹಲಗೆಯ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಳಿಯಬಾರದು ಎಂದು ಖಡಾಖಂಡಿತವಾಗಿ ಹೇಳಿ. ಬಿಸಿನೀರಿನ ಕೊಳಗಳ ಅಂಚಿನ ನೆಲ ಗಟ್ಟಿಯಾಗಿ ಕಾಣುತ್ತದೆ. ಅದು ತೆಳ್ಳನೆ ಪದರ, ಕೆಳಗೆ ಕುದಿಯುವ ನೀರು. ಇದುವರೆಗೆ ಹೀಗೆ ಬೆಂದು ಸತ್ತವರು 20ಕ್ಕೂ ಹೆಚ್ಚು ಜನ. 2024ರ ಜುಲೈ 23ರಂದು ಬಿಸ್ಕಿಟ್ ಬೇಸಿನ್ ಎಂಬಲ್ಲಿ ನೆಲದೊಳಗಿನ ಬಿಸಿನೀರು ಒಮ್ಮೆಗೇ ಆವಿಯಾಗಿ, ಕಪ್ಪು ಕೆಸರು, ಕಲ್ಲು ಎತ್ತರಕ್ಕೆ ಚಿಮ್ಮಿತು. ಹಲಗೆ ದಾರಿಯೇ ಮುರಿಯಿತು. ಜನ ಮಕ್ಕಳನ್ನು ಎಳೆದುಕೊಂಡು ಓಡಿದರು. ಅದೃಷ್ಟ, ಯಾರಿಗೂ ಗಾಯ ಆಗಲಿಲ್ಲ. ಅದಕ್ಕೂ ಸೂಪರ್ ವಾಲ್ಕೆನೊಗೂ ಸಂಬಂಧವಿಲ್ಲ. ಆದರೆ ನಿಮ್ಮ ಮಗನಿಗೆ ತಟ್ಟಬಹುದಾದ ಅಪಾಯ ಅದು. ಭೂಕಂಪವೂ ಹೌದು: 1959ರಲ್ಲಿ ಪಾರ್ಕಿನ ಪಕ್ಕದ ಹೆಬ್ಗೆನ್ ಲೇಕ್ ಬಳಿ 7.3 ತೀವ್ರತೆಯ ಭೂಕಂಪ ಆಗಿ 28 ಜನ ಸತ್ತರು.

ನನ್ನನ್ನು ಹೆಚ್ಚು ಕಾಡುವುದು ಇದೇ. ಜನ ಹೆದರುವುದು ಒಂದಕ್ಕೆ, ಸಾಯುವುದು ಇನ್ನೊಂದರಿಂದ. ಕೊಲಂಬಿಯಾದ ನೆವಾಡೊ ಡೆಲ್ ರುಯಿಸ್ 1985ರ ನವೆಂಬರ್ 13ರ ರಾತ್ರಿ ಸಿಡಿಯಿತು. ಜ್ವಾಲಾಮುಖಿಗಳ ಲೆಕ್ಕದಲ್ಲಿ ಸಣ್ಣ ಸ್ಫೋಟ. ಆದರೆ ಶಿಖರದ ಹಿಮ ಕರಗಿ, ಬೂದಿ ಕಲ್ಲು ಸೇರಿ ಕೆಸರಿನ ಪ್ರವಾಹ ಕಣಿವೆಗೆ ಇಳಿಯಿತು. ಆರ್ಮೆರೊ ಊರಿಗೆ ಅದು ತಲುಪಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಎರಡು ಗಂಟೆಯಲ್ಲಿ ನಡೆದುಕೊಂಡೇ ಗುಡ್ಡ ಹತ್ತಬಹುದಿತ್ತು. ಆ ಊರಿಗೆ ಅಪಾಯ ಇದೆ ಎಂದು ತೋರಿಸುವ ನಕ್ಷೆ ಹಿಂದಿನ ತಿಂಗಳೇ ತಯಾರಾಗಿತ್ತು. ಆದರೂ ಅಂದು ಸಂಜೆ ಜನರಿಗೆ ಸಿಕ್ಕ ಸಂದೇಶ, ಗಾಬರಿ ಬೇಡ, ಮನೆಯಲ್ಲೇ ಇರಿ ಎಂದು. ಒಟ್ಟು ಸುಮಾರು 23,000 ಜನ ಸತ್ತರು.

ಆರು ವರ್ಷದ ನಂತರ ಫಿಲಿಪ್ಪೀನ್ಸ್‌ನ ಪಿನಾಟುಬೊ ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಸಿಡಿಯಿತು. ವಿಜ್ಞಾನಿಗಳು ಕಂಪನ, ಅನಿಲ ಗಮನಿಸಿ ಮೊದಲೇ ಎಚ್ಚರಿಸಿದ್ದರು. ಅಧಿಕಾರಿಗಳು ಕೇಳಿದರು, ಸಾವಿರಾರು ಜನ ಉಳಿದರು. ಸತ್ತವರಲ್ಲೂ ಹಲವರು ಮಳೆಗೆ ನೆನೆದು ಭಾರವಾದ ಬೂದಿಯಿಂದ ಚಾವಣಿ ಕುಸಿದು ಸತ್ತವರು. ಜೀವ ಉಳಿಸಿದ್ದು ಅಳತೆ ಮತ್ತು ಹೊತ್ತಿಗೆ ಸರಿಯಾಗಿ ಸಿಕ್ಕ ಎಚ್ಚರಿಕೆ. ಯೆಲ್ಲೋಸ್ಟೋನ್‌ಗೆ 2001ರಿಂದಲೂ ಪ್ರತ್ಯೇಕ ವೀಕ್ಷಣಾಲಯ ಇದೆ. ಪ್ರತಿ ತಿಂಗಳೂ ಸ್ಥಿತಿಗತಿ ಪ್ರಕಟಿಸುತ್ತದೆ. ಮಗನಿಗೆ ಅದನ್ನು ಓದಿ ಹೇಳಲು ಹೇಳಿ. ವಿಡಿಯೊ ಕಳಿಸಿದ ಗ್ರೂಪನ್ನು ಇವತ್ತೇ ಮ್ಯೂಟ್ ಮಾಡಿ.

ಪ್ರಶ್ನೆ: ಗ್ರಹಗಳು ಒಂದೇ ಸಾಲಿಗೆ ಬಂದಾಗ ಸೂಪರ್ ವಾಲ್ಕೆನೊ ಸಿಡಿಯುತ್ತದೆ ಎಂದು ಟೀವಿ ಜ್ಯೋತಿಷಿ ಹೇಳಿದರು. ನಿಜವೇ?

ಸುಳ್ಳು. ಹೆದರಿಸಿ ಶಾಂತಿ ಮಾಡಿಸುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಟೋಬಾ ಸ್ಫೋಟದಲ್ಲಿ ಭಾರತದ ಮನುಷ್ಯರೆಲ್ಲ ನಾಶವಾದರು ಎಂದು ಓದಿದೆ. — ವಿದ್ಯಾರ್ಥಿ, ಧಾರವಾಡ

ಧಾರವಾಡದಲ್ಲಿದ್ದುಕೊಂಡು ಇದನ್ನು ಕೇಳುತ್ತೀರಾ! ಸುಮಾತ್ರಾದ ಟೋಬಾ 74,000 ವರ್ಷಗಳ ಹಿಂದೆ ಸಿಡಿದಾಗ ಬೂದಿ ನಮ್ಮ ದೇಶದ ಮೇಲೂ ಬಿತ್ತು. ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಆ ಬೂದಿಯ ದಪ್ಪ ಪದರ ಇಂದಿಗೂ ಕಾಣುತ್ತದೆ. ನಿಮ್ಮ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ತಂಡ ಅಲ್ಲಿ ಅಗೆದು ನೋಡಿತು. ಬೂದಿಯ ಕೆಳಗೂ ಕಲ್ಲಿನ ಉಪಕರಣ, ಮೇಲೂ ಕಲ್ಲಿನ ಉಪಕರಣ. ಎರಡೂ ಹೆಚ್ಚುಕಡಿಮೆ ಒಂದೇ ಥರ. 2007ರಲ್ಲಿ ಇದು ಪ್ರಕಟವಾಯಿತು. ಅಷ್ಟು ದೊಡ್ಡ ಹೊಡೆತ ತಿಂದ ಮೇಲೂ ಇಲ್ಲಿ ಜನ ಬದುಕಿದರು ಎಂದೇ ನಾನು ಓದಿಕೊಳ್ಳುತ್ತೇನೆ. ಕಷ್ಟಪಟ್ಟಿರಬೇಕು, ನಿಜ. ನಾಶ ಅಂತೂ ಆಗಲಿಲ್ಲ.

ಪ್ರಶ್ನೆ: ನೇಪಲ್ಸ್ ಪ್ರವಾಸ ಬುಕ್ ಮಾಡಿದ್ದೇವೆ. ಕ್ಯಾಂಪಿ ಫ್ಲೆಗ್ರೇ ಅಪಾಯವೇ?

ಹೋಗಿ ಬನ್ನಿ. ಆದರೆ ನೇಪಲ್ಸ್ ಪಕ್ಕದ ಈ ಜ್ವಾಲಾಮುಖಿ ಪ್ರದೇಶದ ನಡುವೆ ಇರುವ ಪೊಝುವೊಲಿ ಪಟ್ಟಣದ ಕಡೆ ಹಳೆಯ ಕಟ್ಟಡದಲ್ಲಿ ರೂಮ್ ಮಾಡಬೇಡಿ. ಅಲ್ಲಿ 2005ರಿಂದ ನೆಲ ಮೇಲೇಳುತ್ತಿದೆ, ಭೂಕಂಪ ಜಾಸ್ತಿಯಾಗಿದೆ. ನಾನಾದರೆ ಅಲ್ಲಿ ರಾತ್ರಿ ಉಳಿಯುವುದಿಲ್ಲ.

ಪ್ರಶ್ನೆ: ಜ್ವಾಲಾಮುಖಿ ಬೂದಿಯ ಪುಡಿ ನೀರಲ್ಲಿ ಕುಡಿದರೆ ದೇಹ ಶುದ್ಧಿಯಾಗುತ್ತದಂತೆ?

ಆ ಬೂದಿ ಅಂದರೆ ಗಾಜಿನ ಚೂರು, ಕಲ್ಲಿನ ಪುಡಿ. ಮಾರಿದವರ ಮೇಲೆ ದೂರು ಕೊಡಿ.

ಪ್ರಶ್ನೆ: ನಮ್ಮ ಹೊಲದಲ್ಲಿ ನೆಲದಿಂದ ಹೊಗೆ ಬಂದು ಕರಗಿದ ಕಲ್ಲು ಸಿಕ್ಕಿದೆ. ಕರ್ನಾಟಕದಲ್ಲೂ ಜ್ವಾಲಾಮುಖಿ ಏಳುತ್ತಿದೆಯೇ? — ರೈತ, ತುಮಕೂರು ಜಿಲ್ಲೆ

ಇಲ್ಲ. ನಿಮ್ಮ ಕಾಲಡಿಯ ಬಂಡೆ ಭೂಮಿಯ ಬಹು ಹಳೆಯ, ತಣ್ಣಗಿನ ಬಂಡೆಗಳಲ್ಲಿ ಒಂದು. ಭಾರತದಲ್ಲಿ ಈಗ ಸಕ್ರಿಯವಾಗಿರುವುದು ಅಂಡಮಾನಿನ ಬ್ಯಾರನ್ ದ್ವೀಪ ಮಾತ್ರ. ಆದರೆ ನಿಮ್ಮ ಹೊಲದ ಸುದ್ದಿ ನನಗೆ ಭಯ ಹುಟ್ಟಿಸಿದೆ. ಕರೆಂಟ್ ತಂತಿ ನೆಲಕ್ಕೆ ತಾಗಿದರೆ, ಕಂಬದಿಂದ ವಿದ್ಯುತ್ ಸೋರಿದರೆ, ಮಣ್ಣು ಕರಗಿ ಗಾಜಿನಂತಾಗುತ್ತದೆ. ಹತ್ತಿರ ಹೋಗಬೇಡಿ. ಮಕ್ಕಳನ್ನೂ ದನಗಳನ್ನೂ ಬಿಡಬೇಡಿ. ಕಲ್ಲು ಎತ್ತಿಕೊಂಡು ಬಂದು ಪೂಜೆಗೆ ಇಡುವುದೂ ಬೇಡ. ಇದನ್ನು ಓದಿದ ತಕ್ಷಣ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡುವವರೆಗೆ ದೂರವೇ ಇರಿ.